ನಾಲ್ಕನೆಯ ಪ್ರಶ್ನೆ

ತುಟಿ ಮೊದಲು ಅಲ್ಲಾಡುತ್ತದೆ, ಮಾತು ಆಮೇಲೆ ಬರುತ್ತದೆ, ಈ ಹಳೇ ಟಿವಿಯಲ್ಲಿ ಗ್ರೂಯೆವ್ ನೀರಿನಿಂದ ಎತ್ತಿ ಹಾಕಿದ ಮೀನಿನ ಹಾಗೆ ಬಾಯಿ ತೆರೆದು ಮುಚ್ಚುತ್ತಿದ್ದಾನೆ, ಗೋಡೆಯಾಚೆ ಹತ್ತು ಹೆಜ್ಜೆ ದೂರದಲ್ಲಿ ಸ್ಟುಡಿಯೋ, ಅಲ್ಲಿ ಮೇಯರ್ ಆಗಹೊರಟ ಇಬ್ಬರ ಚರ್ಚೆ, ಗ್ರೂಯೆವ್ ಅವರಲ್ಲೊಬ್ಬ, ಇಲ್ಲಿ ಮೇಕಪ್ ಕೋಣೆಯಲ್ಲಿ ತುರುಕಿದ ಆರು ಮಂದಿ ವರದಿಗಾರರು, ಅವರಲ್ಲೊಬ್ಬಳು ರಾಲಿತ್ಸಾ, ಇಪ್ಪತ್ತೆರಡು ವರ್ಷದಿಂದ ಈ ಡ್ಯಾನ್ಯೂಬ್ ದಂಡೆಯ ಊರಿನ ಸುದ್ದಿ ಬರೆದವಳು, ಈಗ ಟಿವಿ ನೋಡಿ ಬರೆಯಬೇಕಂತೆ, ಹಾಗಿದ್ದರೆ ಮನೆಯಲ್ಲೇ ಕಾಲು ಚಾಚಿ ನೋಡಬಹುದಿತ್ತಲ್ಲ — ಬಾನಿತ್ಸಾ ತಿನ್ನೇ, ಬೆಳಗಿಂದ ಹೊಟ್ಟೆಗೇನೂ ಹಾಕಿಲ್ಲ ನೀನು, ಅಂತ ಪೌಡರ್ ಹಚ್ಚುವ ಪೆಪಾ ಚಿಕ್ಕಮ್ಮ ಚೀಸ್ ತುಂಬಿದ ಆ ತಿಂಡಿಯ ಎಣ್ಣೆಗಾಗದ ಚಾಚುತ್ತಾಳೆ, ಆ ಗ್ರೂಯೆವ್ ಹಣೆಗೆ ಮೂರು ಸಲ ಹಚ್ಚಿದೆ, ಆದರೂ ಬೆವರ್ತಾನೆ ಆ ಗಂಡಸು, ಅನ್ನುತ್ತಾಳೆ, ಬೆವರಲಿ, ಇನ್ನೂ ಬೆವರುತ್ತಾನೆ, ಹನ್ನೆರಡೂವರೆ ಆಗಲಿ — ಆಗ ಪತ್ರಿಕೆಗೊಂದು ಪ್ರಶ್ನೆ, ಚೀಟಿ ಎತ್ತಿದಾಗ ಇವಳದು ನಾಲ್ಕನೆಯದು, ಎಲ್ಲರೆದುರೇ ಎತ್ತಿದ್ದು, ಕಾಮೆನ್ ತಾನೇ ಓದಿ ನೋಡಿ ತಲೆದೂಗಿದ್ದ, ಕಾಮೆನ್, ಇವತ್ತಿನ ಚರ್ಚೆ ನಡೆಸುವವನು, ಒಂದು ಕಾಲಕ್ಕೆ ಇವಳ ಪಕ್ಕದ ಮೇಜಿನಲ್ಲಿ ಕೂತು ಸುದ್ದಿ ಬರೆಯೋದು ಕಲಿತವನು, ಗಟ್ಟಿ ಪ್ರಶ್ನೆ ರಾಲಿ, ಅಂದಿದ್ದ, ಗಟ್ಟಿಯೇ, ಗ್ರೂಯೆವ್ ಅವರೇ, ಈ ಊರಿನ ಹೆರಿಗೆ ವಾರ್ಡ್ ಮುಚ್ಚುವ ಕಾಗದಕ್ಕೆ ರುಜು ಹಾಕಿದವರು ನೀವು, ಫೆಬ್ರವರಿ ಹನ್ನೆರಡರಂದು ಮಿಲೆನಾ ಎಂಬ ಹೆಂಗಸು ಎಪ್ಪತ್ತು ಕಿಲೋಮೀಟರ್ ಆಚೆಯ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಆಂಬುಲೆನ್ಸಿನಲ್ಲೇ ಹೆತ್ತಳು, ಕೂಸು ಹನ್ನೊಂದು ನಿಮಿಷ ಬದುಕಿತ್ತು, ಆಕೆಗೆ ನೀವು ಏನು ಹೇಳುತ್ತೀರಿ, ಇಷ್ಟೇ, ಒಂದು ಅಕ್ಷರ ಹೆಚ್ಚಿಲ್ಲ — ಡ್ರೈವರ್ ತನ್ನ ಕೋಟು ಬಿಚ್ಚಿ ಕೂಸನ್ನ ಸುತ್ತಿ ಕೊಟ್ಟ ಅಕ್ಕಾ, ಬೆಚ್ಚಗಿತ್ತು ಆ ಕೋಟು, ಅಂದಿದ್ದಳು ಮಿಲೆನಾ, ಮೆಣಸಿನಕಾಯಿ ಸುಡುತ್ತಿದ್ದ ಅಡುಗೆಮನೆಯಲ್ಲಿ, ಸಿಪ್ಪೆ ಸುಲಿಯುತ್ತಲೇ, ತಲೆ ಎತ್ತದೆ, ನನ್ನ ಹೆಸರು ಹಾಕಿ, ಪರವಾಗಿಲ್ಲ, ಅವರ ಬಾಯಿಂದ ಒಂದು ಉತ್ತರ ಕೇಳಬೇಕು ನಂಗೆ, ಕೇಳ್ತೀಯ ಮಿಲೆನಾ, ಭಾನುವಾರ ಹನ್ನೆರಡೂವರೆಗೆ ಟಿವಿ ಹಾಕ್ಕೊಂಡು ಕೂತಿರು, ಅಂತ ಮಾತು ಕೊಟ್ಟು ಬಂದಿದ್ದಾಳೆ ಇವಳು.

ನಾಲ್ಕನೆಯ ಪ್ರಶ್ನೆ, ಅನ್ನುತ್ತಾನೆ ಪರದೆಯ ಮೇಲಿನ ಕಾಮೆನ್, ಹಿರಿಯ ವರದಿಗಾರ್ತಿ ರಾಲಿತ್ಸಾ ಅವರದು, ನದಿ ದಂಡೆಯ ಉದ್ಯಾನದಲ್ಲಿ ಹೂವಿನ ಪಾತಿ ಹೆಚ್ಚಿಸುವ ಯೋಜನೆ ಇದೆಯೇ — ಏನು, ಏನಂದ, ಹೂವು, ಯಾರ ಹೂವು, ಪೆಪಾ ಚಿಕ್ಕಮ್ಮನ ಕೈಯಲ್ಲಿ ಎಣ್ಣೆಗಾಗದ ಹಾಗೇ ನಿಂತಿದೆ, ಮೂಲೆಯಲ್ಲಿ ಯಾರೋ ಕಿಸಕ್ಕನೆ ನಗುತ್ತಾರೆ, ಹೂವಿನ ಮೇಲೆ ಯಾವಾಗಿಂದ ಪ್ರೀತಿ ರಾಲಿತ್ಸಾ, ಗ್ರೂಯೆವ್ ಮಾತ್ರ ತಟ್ಟನೆ ಶುರು ಮಾಡಿದ್ದಾನೆ, ಗುಲಾಬಿ, ಬೆಂಚು, ಮಕ್ಕಳಿಗೆ ಜೋಕಾಲಿ, ಮಕ್ಕಳಿಗಂತೆ, ಬಾಯಿಪಾಠ ಮಾಡಿ ಬಂದಿದ್ದಾನೆ, ಪ್ರಶ್ನೆಯನ್ನೇ ಬಿಟ್ಟುಬಿಟ್ಟಿದ್ದರೆ ಸಹಿಸಬಹುದಿತ್ತು, ಇವಳ ಹೆಸರು ಹಚ್ಚಿ ಓದಿದರಲ್ಲ, ಮಿಲೆನಾ ಕೇಳಿಸಿಕೊಂಡಿದ್ದಾಳೆ, ಈಗ, ಈ ಕ್ಷಣ, ಆ ಅಡುಗೆಮನೆಯಲ್ಲಿ ಕೂತು — ಕಾಲು ತಾನಾಗಿಯೇ ಎದ್ದಿದೆ, ಕಾರಿಡಾರ್, ಜಾಹೀರಾತಿನ ಬಿಡುವು, ಸ್ಟುಡಿಯೋ ಬಾಗಿಲು ಅರೆ ತೆರೆದಿದೆ, ಕಾಮೆನ್ ನೀರು ಕುಡಿಯುತ್ತಿದ್ದಾನೆ, ನನ್ನ ಪ್ರಶ್ನೆ ಎಲ್ಲಿ ಕಾಮೆನ್, ಮೆಲ್ಲಗೆ ಮಾತಾಡು ಮಾರಾಯ್ತಿ, ಗ್ರೂಯೆವ್ ಕಚೇರಿಯವರು ಬೆಳಿಗ್ಗೆ ಬೇರೆ ಪ್ರಶ್ನೆಗಳ ಪಟ್ಟಿ ಕಳಿಸಿದ್ರು, ನಂಗೂ ಹೆಂಡತಿ ಮಕ್ಕಳಿದ್ದಾರೆ, ನನ್ನ ಹೆಸರು ಯಾಕೆ ಹಾಕಿದೆ, ನಿನ್ನ ಹೆಸರಿದ್ರೆ ಜನ ನಂಬ್ತಾರೆ ಅಂದ್ರು, ಬಿಡು ರಾಲಿ, ಹೋಗು, ದೀಪ ಹತ್ತುತ್ತೆ — ಜನ ನಂಬುತ್ತಾರೆ, ಇಪ್ಪತ್ತೆರಡು ವರ್ಷ ಚಳಿಯಲ್ಲಿ ಮಳೆಯಲ್ಲಿ ಬಾಗಿಲು ಬಾಗಿಲು ತಟ್ಟಿ ಗಳಿಸಿದ ಹೆಸರು, ಅದನ್ನು ಹೂವಿನ ಪಾತಿಗೆ ಗೊಬ್ಬರ ಮಾಡಿದಿರಲ್ಲೋ, ನೇರ ಪ್ರಸಾರದ ಕೆಂಪು ದೀಪ ಹತ್ತಿತು, ಹೋಗುವುದಿಲ್ಲ, ಇವಳು ಹೋಗಲಿಲ್ಲ, ಕ್ಯಾಮೆರಾದ ಪಕ್ಕ ನಿಂತು ಗಂಟಲು ಬಿರಿಯುವಂತೆ, ಗ್ರೂಯೆವ್ ಅವರೇ, ಹೂವು ನನ್ನ ಪ್ರಶ್ನೆಯಲ್ಲ, ಮಿಲೆನಾಳ ಕೂಸು ಹನ್ನೊಂದು ನಿಮಿಷ ಬದುಕಿತ್ತು, ವಾರ್ಡ್ ಮುಚ್ಚಿದ್ದು ನೀವು, ಆಕೆ ನೋಡ್ತಿದ್ದಾಳೆ, ಉತ್ತರ ಕೊಡಿ —

ಗ್ರೂಯೆವ್ ಕೈ ಎತ್ತಿದ, ನಿಧಾನವಾಗಿ, ಗಾಬರಿಯಿಲ್ಲದೆ, ಕೋಟಿಗೆ ಸಿಕ್ಕಿಸಿದ ಕಡಲೆಕಾಳಿನಷ್ಟು ಮೈಕಿನ ಮೇಲೆ ಅಂಗೈ ಒತ್ತಿ ಮುಚ್ಚಿದ, ತಲೆ ಸ್ವಲ್ಪ ತಗ್ಗಿಸಿದ, ಅಷ್ಟರಲ್ಲಿ ಯಾರೋ ಇವಳ ತೋಳು ಹಿಡಿದಿದ್ದರು, ಕಾರಿಡಾರ್, ಮೆಟ್ಟಿಲು, ಮಧ್ಯಾಹ್ನದ ಬಿಸಿಲು ಕಣ್ಣಿಗೆ ಹೊಡೆಯಿತು, ಫೋನು ಅದುರುತ್ತಿದೆ, ಮಿಲೆನಾ, ಅಳುತ್ತಿದ್ದಾಳೆ, ಅಕ್ಕಾ, ನನ್ನ ಹೆಸರು ಕೇಳಿಸ್ತು, ನಿಮ್ಮ ದನೀನೇ ಅಂತ ಗೊತ್ತಾಯ್ತು, ಆಮೇಲೆ ಶಬ್ದ ಹೋಗ್ಬಿಡ್ತು, ಆದ್ರೆ ನೋಡಿದೆ ಅಕ್ಕಾ, ಎದೆ ಮೇಲೆ ಕೈ ಇಟ್ಕೊಂಡ್ರು, ತಲೆ ತಗ್ಗಿಸಿದ್ರು, ಅವರಿಗೂ ನೋವಾಯ್ತು, ಅಲ್ವಾ — ಹೇಳಬೇಕು, ಇಲ್ಲಮ್ಮ ಅನ್ನಬೇಕು, ಅದು ನೋವಲ್ಲ, ಅದು ಬರೀ ಕೈ, ಮೈಕು ಮುಚ್ಚಿದ ಕೈ, ಬಾಯಿ ತೆರೆಯುತ್ತಾಳೆ, ಅಲ್ವಾ ಅಕ್ಕಾ, ಅನ್ನುತ್ತಿದ್ದಾಳೆ ಅವಳು, ಹಲೋ, ಅಲ್ವಾ, ಊರೆಲ್ಲ ಈಗ ನೋಡಿರುವುದು ಅದನ್ನೇ, ಎದೆಯ ಮೇಲಿನ ಕೈ, ಉಂಗುರ ಹಾಕಿದ ಬೆರಳು, ನಿಧಾನವಾಗಿ ಮುಚ್ಚಿಕೊಳ್ಳುವ ಅಂಗೈ, ಆ ಅಂಗೈ ಈಗ ಇವಳ ಬಾಯಿಯ ಮೇಲೂ.