ಕುಮಟೆಗೆ ಹೋದ ತೊಲೆಗಳು

ಸಮುದ್ರದ ದಂಡೆಯ ಮನೆಗೆ ಸವಣೂರಿನ ತೊಲೆ ಹಾಕಬೇಕೆಂಬುದು ನನ್ನ ಗಂಡ ಮಲ್ಲಿಕಸಾಬರ ಹುಚ್ಚು. ಸವಣೂರಿನ ವೀಳ್ಯದೆಲೆ ತಂದು ಕುಮಟೆಯಲ್ಲಿ ಮಾರುತ್ತಿದ್ದವರು, ಅಲ್ಲೇ ಅಲೆಯ ಸದ್ದು ಕೇಳುವ ಕಡೆ ಎರಡು ಕೋಣೆಯ ಹಳೇ ಮನೆ ಕೊಂಡರು. ಅದೇ ವರ್ಷ, ಅರವತ್ತೊಂದರ ಮಳೆಗೆ, ಸವಣೂರಿನಲ್ಲಿ ಅವರಪ್ಪನ ಮನೆಯ ಗೋಡೆ ಕುಸಿಯಿತು. ಅಣ್ಣತಮ್ಮಂದಿರು ಪಾಲು ಮಾಡಿಕೊಂಡರು: ಜಾಗ ತಮ್ಮ ನಬೀಸಾಬನಿಗೆ, ಮರಮುಟ್ಟು ನಮಗೆ.

ಬಿಚ್ಚಲು ಬಂದವನು ಹಿರೇಬೆಂಡಿಗೇರಿಯ ಬಡಿಗ ಫಕ್ಕೀರಪ್ಪ. ಒಲೆ ಉರಿಯುವ ಮನೆಯ ತೊಲೆಗೆ ಅವನು ಕೈ ಹಚ್ಚುವವನಲ್ಲ. ನಾನು ಒಲೆಗೆ ನೀರು ಸುರಿದು ಬೂದಿ ಹೊರಗೆ ಚೆಲ್ಲುವ ತನಕ ಅಂಗಳದಲ್ಲಿ ಎಲೆ ಅಡಿಕೆ ಮೆಲ್ಲುತ್ತ ಕುಂತಿದ್ದ.

"ಬೆಂಕಿ ಇದ್ದ ಮನ್ಯಾಗ ಜೀವ ಇರ್ತೈತ್ರಿ. ಜೀವ ಇದ್ದಾಗ ಎಲುಬು ಕೀಳ್ತಾರೇನ್ರಿ?" ಅಂದ.

ನಬೀಸಾಬನೂ ಹೌದೆಂದು ತಲೆಯಾಡಿಸಿದ. ನಮ್ಮ ಕಡೆ ಅದನ್ನು ಮೀರುವವರಿಲ್ಲ.

ತೊಲೆ, ಕಂಬ, ಬಾಗಿಲುಗಳು ಲಾರಿಯಲ್ಲಿ ಘಟ್ಟ ಇಳಿದವು. ಮಲ್ಲಿಕಸಾಬರಿಗೆ ಮೇಲೆ ಊರಿನಂತೆ ಮಣ್ಣಿನ ಮಾಳಿಗೆಯೇ ಬೇಕಿತ್ತು. ಈ ಮಳೆಗೆ ಮಣ್ಣಿನ ಮಾಳಿಗೆಯೇ ಎಂದು ನೆರೆಯವರೆಲ್ಲ ಹೊಟ್ಟೆ ಹಿಡಿದು ನಕ್ಕ ಮೇಲೆ ಹಂಚಿಗೆ ಒಪ್ಪಿದರು.

ತೊಲೆಗಳಿನ್ನೂ ಅಂಗಳದಲ್ಲೇ ಬಿದ್ದಿದ್ದವು, ಅವರು ಜ್ವರ ಬಂದು ತೀರಿಕೊಂಡರು. ನಾನು ಅಳಲಿಲ್ಲ. ಹೆಂಗಸರು ಬಂದು ಬಳೆ ತೆಗೆದಾಗಲೂ ಅಳಲಿಲ್ಲ. ಮೈಗೆ ಯಾರೋ ಸುಣ್ಣ ಬಳಿದು ಒಣಗಲು ಬಿಟ್ಟ ಹಾಗಿತ್ತು.

ನಬೀಸಾಬ ಸವಣೂರಿನಿಂದ ಬಂದು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಪರದೆಯ ಆಚೆ ನಿಂತು ಹೇಳಿದ: "ಇದ್ದತ್ ಮುಗೀಲಿ ಭಾಭಿ. ಬಂದು ತೊಲಿ ಒಯ್ತೇನಿ, ನಿಮ್ಮನ್ನೂ ಮಾಸೂಮಾನ್ನೂ ಕರಕೊಂಡು ಹೋಗ್ತೇನಿ. ಗಂಡು ಕೂಸಿಲ್ಲ, ಇಲ್ಲಿ ಯಾರ್ನ ನೋಡಿ ಇರ್ತೀರಿ?"

ಗಂಡು ಮಕ್ಕಳಿಲ್ಲದವನ ಸ್ವತ್ತಿನಲ್ಲಿ ತಮ್ಮನಿಗೂ ಪಾಲುಂಟು. ಅವನು ಕೆಟ್ಟವನಲ್ಲ. ಅವನ ಮನೆಯಲ್ಲಿ ನನಗೂ ಮಗಳು ಮಾಸೂಮಾಳಿಗೂ ಎರಡು ಹೊತ್ತು ಅನ್ನ ಸಿಗುತ್ತಿತ್ತು, ಅವನ ಹೆಂಡತಿ ಮುಖ ಗಂಟುಹಾಕಿಕೊಂಡು ಬಡಿಸಿದರೂ. ಆದರೆ ನಾನು ಬೆಳೆದದ್ದೇ ಸೋದರಮಾವನ ಮನೆಯಲ್ಲಿ. ಹಂಗಿನ ಅನ್ನದ ರುಚಿ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಮಾಸೂಮಾ ಅದನ್ನು ಉಣ್ಣಬಾರದು. ನಮ್ಮದೇ ಒಂದು ಸೂರು ಬೇಕು. ಅದೊಂದನ್ನು ಬಿಟ್ಟು ನನಗೆ ಏನೂ ಬೇಕೆನಿಸಲಿಲ್ಲ.

ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ವಿಧವೆ ಪರಗಂಡಸರ ಕಣ್ಣಿಗೆ ಬೀಳುವಂತಿಲ್ಲ. ಆದರೆ ಪರದೆ ಮುಖಕ್ಕೆ, ಬಾಯಿಗಲ್ಲ. ಒಳಕೋಣೆಯ ಬಾಗಿಲಿಗೆ ಚಾದರ ಕಟ್ಟಿ ಊರಿನಿಂದ ಫಕ್ಕೀರಪ್ಪನನ್ನು ಕರೆಸಿದೆ.

"ಕೆಲಸ ಸುರು ಮಾಡ್ರಿ."

"ಯಜಮಾನ್ರ ಇಲ್ಲಲ್ರೀ ಅವ್ವಾರ."

"ಯಜಮಾನ್ತಿ ಅದಾಳಲ್ಲ. ಹಿಂದಿನ ಜಗಲಿ ಕೆಡವಿ ಅಡಿಗಿಮನಿ ಎಬ್ಬಸ್ರಿ. ಎಲ್ಲಾ ತೊಲಿ ಅದಕ್ಕ ಹಾಕ್ರಿ, ಒಂದೂ ಹೊರಗ ಉಳೀಬಾರ್ದು. ನಬೀಸಾಬ ಬರೂದ್ರೊಳಗ ಅಲ್ಲಿ ಒಲಿ ಉರೀಬೇಕು."

ಪರದೆಯಾಚೆ ಫಕ್ಕೀರಪ್ಪ ನಕ್ಕದ್ದು ಕೇಳಿಸಿತು.

ಹೀಗೆ ಮನೆಯನ್ನು ಕಿವಿಯಿಂದಲೇ ಕಟ್ಟಿಸಿದೆ. ಗುದ್ದಲಿ ಬಿದ್ದರೆ ಜಗಲಿ ಹೋಯಿತು, ಕೊಡತಿ ಬಡಿದರೆ ಕಂಬ ನಿಂತಿತು. ಒಲೆ ಯಾವ ಕಡೆ ಎಂದು ಕೇಳಿದ. ಗಾಳಿ ಬಡಿಯದ ಮೂಲೆಯಲ್ಲಿ ಎಂದೆ. ಮಾತಾಡಿಸಲು ಬಂದ ಹೆಂಗಸರು ಗಲ್ಲಕ್ಕೆ ಕೈ ಹಚ್ಚಿದರು: ಗಂಡನಿಗೆ ಹೊದಿಸಿದ ಕಫನ್ ಇನ್ನೂ ಮಾಸಿಲ್ಲ, ಇವಳಿಗೆ ಹಂಚಿನ ಚಿಂತೆ! ಅನ್ನಲಿ. ಆಡುವವರ ಬಾಯಿಗೆ ಹಂಚು ಹೊದಿಸಲಾಗುತ್ತದೆಯೇ?

ಇದ್ದತ್ ಮುಗಿದ ಬೆಳಿಗ್ಗೆ ಸ್ನಾನ ಮಾಡಿ ಚಾದರ ಬಿಚ್ಚಿದೆ. ಹೊಸ ಕೋಣೆಯನ್ನು ಕಣ್ಣುತುಂಬ ನೋಡುವ ಪುರುಸೊತ್ತೂ ಇರಲಿಲ್ಲ. ಹಸಿ ಒಲೆ ಹೊಗೆ ಕಾರುತ್ತ ಹೊತ್ತಿಕೊಂಡಿತು. ನಬೀಸಾಬನ ಲಾರಿ ಬಂದು ನಿಂತಾಗ ಅನ್ನ ಕುದಿಯುತ್ತಿತ್ತು.

ಅವನು ತಲೆ ಎತ್ತಿ ತೊಲೆ ನೋಡಿದ, ತಲೆ ತಗ್ಗಿಸಿ ಒಲೆ ನೋಡಿದ. ಮುಖ ಕೆಂಪಾಯಿತು.

"ಬಾಳ ಶಾಣ್ಯಾರ ಅದೀರಿ ಭಾಭಿ," ಅಂದ. ಹೊರಗೆ ಹೋಗಿ ಲಾರಿಯವನನ್ನು ಖಾಲಿ ಕಳಿಸಿದ.

ಗೆದ್ದಿದ್ದೆ. ಖುಷಿ ಮಾತ್ರ ಆಗಲಿಲ್ಲ. ಉಣ್ಣಲು ಕೂಡಿರೆಂದು ಚಾಪೆ ಹಾಸಿದೆ. ಅವನು ಕೂಡಲಿಲ್ಲ.

"ಅಣ್ಣನ ಮುಖಾನೂ ನೋಡ್ಲಿಲ್ಲ ನಾ. ಸಾಯೂ ಮುಂದ ಎಲ್ಲಿ ಮಲಗಿದ್ದ? ಆ ಜಾಗಾನರ ತೋರಸ್ರಿ. ಅಲ್ಲಿ ಕುಂತು ಫಾತಿಹಾ ಓದಿ ಹೋಗ್ತೇನಿ."

ತೋರಿಸಲು ತಿರುಗಿದೆ. ಜ್ವರ ಬಂದಾಗ ಒಳಗೆ ಸೆಕೆ ಎಂದು ಅವರು ಹಿಂದಿನ ಜಗಲಿಗೆ ಮಂಚ ಹಾಕಿಸಿಕೊಂಡಿದ್ದರು. ಚಳಿಜ್ವರಕ್ಕೆ ಸಮುದ್ರದ ಗಾಳಿ ಆಗದೆಂದು ಆ ಮಂಚವನ್ನು ಮೂಲೆಗೆ ಎಳೆದವಳು ನಾನೇ. ಅದೇ ಮೂಲೆಯಲ್ಲಿ, ಅವರ ತಲೆ ಇದ್ದಲ್ಲಿ, ಒಲೆ ಉರಿಯುತ್ತಿತ್ತು.

"ಎಲ್ರಿ?" ಅಂದ ನಬೀಸಾಬ.

ಇಲ್ಲೇ ಎನ್ನಲು ಬಾಯಿ ತೆರೆದೆ. ಅಳು ಬಂತು. ಅಷ್ಟು ದಿನ ಎಲ್ಲಿತ್ತೋ, ಮಾಸೂಮಾ ಹೆದರಿ ಓಡಿಬರುವಷ್ಟು ಜೋರಾಗಿ ಬಂತು. ಒಲೆಯ ಕಡೆ ಕೈ ತೋರಿಸಿದೆ, ಅವನಿಗೆ ತಿಳಿಯಿತು. ನಾನು ನೀರಿನ ಕೊಡ ಎತ್ತಿಕೊಂಡೆ. ತೊಲೆ ಹೋಗಲಿ, ಸೂರು ಹೋಗಲಿ, ಅವರ ತಲೆಯ ಮೇಲೆ ಬೆಂಕಿ ಇರಬಾರದು.

ನಬೀಸಾಬ ಅಡ್ಡ ಬಂದು ಕೊಡ ಹಿಡಿದ.

"ಆರಿಸಬ್ಯಾಡ್ರಿ ಭಾಭಿ," ಅಂದ. "ನೀವು ಆರಿಸಿದ್ರ ನಾ ತೊಲಿ ಒಯ್ಯಬೇಕಾಗ್ತೈತಿ. ಉರೀಲಿ ಬಿಡ್ರಿ."

ಕೊಡ ಕಸಿದು ಬದಿಗಿಟ್ಟ. ಒಲೆಯೊಳಗೆ ಒಂದು ಕಟ್ಟಿಗೆ ಸರಿಸಿ, ಅದರ ಮುಂದೆ ಮಂಡಿಯೂರಿ ಕುಂತು ಕೈ ಎತ್ತಿದ.