ಸೋಸಿದ ನೀರು

"ಮಾಷ್ಟ್ರೇ, ಬೇಗ ಹೊರಡಿ. ಸಿದ್ಧಕಟ್ಟೆಯ ನಿಮ್ಮ ಅತ್ತಿಗೆ ಹೋದ್ರಂತೆ."

ಸಾವಿರದ ಒಂಬೈನೂರ ಐವತ್ತೆಂಟರ ಬೇಸಿಗೆ. ಬಸ್ಸಿನ ಕಂಡಕ್ಟರ್ ಬಾವಾ ತರಗತಿಯ ಬಾಗಿಲಲ್ಲಿ ನಿಂತಿದ್ದ. ಭರತರಾಜ ಕೈಯ ಸೀಮೆಸುಣ್ಣ ಇಡುವುದನ್ನೂ ಮರೆತು ಅವನ ಹಿಂದೆ ನಡೆದ.

ವಸಂತಿಗೆ ಬಂದದ್ದು ವಿಷಮಶೀತ ಜ್ವರ. ಮಾಸಪತ್ರಿಕೆಗೆ ವಿಜ್ಞಾನದ ಲೇಖನ ಬರೆಯುವುದನ್ನು ಭರತರಾಜ ಕಲಿತದ್ದು ಈ ಅತ್ತಿಗೆಯ ಅಡಿಗೆಮನೆಯಲ್ಲಿ. ಅವನು ಓದುತ್ತಿದ್ದ, ಆಕೆ ಕಾಯಿ ತುರಿಯುತ್ತ ಕೇಳುತ್ತಿದ್ದಳು. "ಎಂಥದು ಮಾರಾಯ, ಕಲ್ಲು ಕಡಿದ ಹಾಗೆ ಉಂಟು! ನನಗೆ ಹೇಳುವ ಹಾಗೆ ಬರಿ," ಎನ್ನುವಳು. ಅವನು ತಿದ್ದುವನು. ಗ್ರಹಣ, ಗುಡುಗು ಎಲ್ಲ ಹಾಗೆಯೇ ಊರಿಗೆ ತಿಳಿಯುವಂತಾದವು.

ಕುಡಿಯುವ ನೀರಿನ ಲೇಖನದಲ್ಲಿ, ಬಟ್ಟೆಯಲ್ಲಿ ನೀರು ಸೋಸುವ ತಮ್ಮ ಜೈನರ ಪದ್ಧತಿಯನ್ನು ಅವನು ಹೊಗಳಿದ್ದ. ರೋಗದ ಕ್ರಿಮಿಗಳು ಬಟ್ಟೆಗೆ ನಿಲ್ಲವು, ಕುದಿಸಿ ಕೊಲ್ಲಬೇಕು ಎಂಬುದು ಕೊನೆಯ ವಾಕ್ಯ.

"ಕೊಲ್ಲಬೇಕು ಅಂತ ಬರೆದರೆ ನಮ್ಮವರು ಓದ್ತಾರಾ? ಬೇರೆ ಮಾತು ಹಾಕು," ಎಂದಿದ್ದಳು ವಸಂತಿ.

ಬೇರೆ ಮಾತು ಹೊಳೆಯಲಿಲ್ಲ. ವಾಕ್ಯವನ್ನೇ ಹೊಡೆದುಹಾಕಿ ಕಳಿಸಿದ. ಅಚ್ಚಾದ ಮೇಲೆ ಬಸದಿಯ ಹಿರಿಯರು ಬೆನ್ನು ತಟ್ಟಿದರು.

ಸಂಸ್ಕಾರ ಮುಗಿಯುವಾಗ ಹೊತ್ತು ಇಳಿದಿತ್ತು. ಅಣ್ಣ ವೀರರಾಜ ಜಗಲಿಯಲ್ಲಿ ಕುಳಿತಿದ್ದ. ಅವನ ಮಗಳು ಮನೋರಮಾ ತಂಬಿಗೆ ತಂದಳು.

"ಚಿಕ್ಕಪ್ಪಾ, ನೀರು. ಅಮ್ಮ ಸೋಸುವ ಹಾಗೇ ಸೋಸಿದ್ದೇನೆ."

ಭರತರಾಜ ಕೈ ನೀಡಲಿಲ್ಲ. ಅಣ್ಣ ಹೇಳಿದ: "ಅವಳು ಕುದಿಸಲಿಕ್ಕೆ ಸುರು ಮಾಡಿದ್ದಳು. ಪತ್ರಿಕೆ ಬಂದ ಮೇಲೆ ಬಿಟ್ಟಳು. 'ಭರತ ಆ ಮಾತು ತೆಗೆದಿದ್ದಾನೆ, ವಿಚಾರ ಮಾಡಿಯೇ ತೆಗೆದಿರಬೇಕು' ಅಂದಳು. ಹೇಗೆ, ಸೋಸಿದರೆ ಸಾಕಲ್ಲ? ಮಕ್ಕಳು ಅದನ್ನೇ ಕುಡಿಯುವುದು."

ಸಾಕು ಎಂದುಬಿಟ್ಟರೆ ಅಣ್ಣನ ಮುಂದೆ ತಲೆ ಎತ್ತಿ ಕುಳಿತಿರಬಹುದಿತ್ತು. ಮನೋರಮಾ ತಂಬಿಗೆಯನ್ನು ತನ್ನ ಬಾಯಿಗೆ ಎತ್ತಿದಳು.

"ಬೇಡ ಮಗಾ!" ಅವನು ಅದನ್ನು ಕಿತ್ತುಕೊಂಡ. "ಸಾಕಾಗುವುದಿಲ್ಲ ಅಣ್ಣ. ಕುದಿಸಲೇಬೇಕು. ನನಗೆ ಗೊತ್ತಿತ್ತು."

ವೀರರಾಜ ತಮ್ಮನ ಕಡೆ ತಿರುಗಿದ.

"ಗೊತ್ತಿದ್ದದ್ದನ್ನು ಬರೆಯಲಿಕ್ಕೆ ನಿನಗೆ ಏನಾಗಿತ್ತು?"

ಅಣ್ಣ ಎದ್ದು ಬಚ್ಚಲ ಒಲೆಗೆ ಬೆಂಕಿ ಹಚ್ಚಿ, ಪಾತ್ರೆಯಲ್ಲಿ ನೀರಿಟ್ಟ. ತಮ್ಮ ಸೌದೆ ತಂದ. ಅಣ್ಣ ಅದನ್ನು ಅವನ ಕೈಯಿಂದ ತೆಗೆದುಕೊಳ್ಳದೆ, ನೆಲದಲ್ಲಿ ಬಿದ್ದಿದ್ದ ಕೊಳ್ಳಿಯನ್ನೇ ಒಳಗೆ ದೂಡಿದ. ನೀರು ಕುದಿಯತೊಡಗಿತು. ಭರತರಾಜ ಒಲೆಯ ಮುಂದೆಯೇ ಕೈಮುಗಿದು ಕುಳಿತ. ಜಿನೇಶ್ವರಾ, ನಂಬಿ ನಡೆದ ಜೀವವದು. ಎಲ್ಲಿದ್ದರೂ ಅದಕ್ಕೆ ಶಾಂತಿಯಾಗಲಿ, ಸದ್ಗತಿಯಾಗಲಿ.