ನೀರಿನಲ್ಲಿ ತೊಳೆದ ಪುಡಿ

ಫ್ಲಾಸ್ಕಿನೊಳಗಿನ ಸಕ್ಕರೆ ನೀರು ಬಣ್ಣ ತಿರುಗಲೇ ಇಲ್ಲ. ಇಷ್ಟು ಹೊತ್ತಿಗೆ ಅದು ಕಾಫಿ ಡಿಕಾಕ್ಷನ್ನಿನಂತೆ ಆಗಿರಬೇಕಿತ್ತು. ಬಾರ್ಲಿ ಗಂಜಿಯ ಹಾಗೆ ಪೆಚ್ಚಾಗಿ ಸುತ್ತುತ್ತಿತ್ತು. ಅಹಲ್ಯಾ ಶಾಖ ನೋಡಿದಳು, ಸರಿಯಾಗಿತ್ತು. ಪುಡಿ ಹಾಕುವುದನ್ನೇ ಮರೆತೆನೇನೋ ಎಂದು ಬಗ್ಗಿ ನೋಡಿದಳು, ಅದೂ ಇತ್ತು.

ಆ ಪುಡಿಯೇ ಅವಳ ಪಿಎಚ್‌ಡಿ. ಮರಳಿನ ಜಾತಿಯದೇ ಆದ ಸಿಲಿಕಾ. ಒಳಗೆಲ್ಲ ಕಣ್ಣಿಗೆ ಕಾಣದ ತೂತು, ತೂತುಗಳ ಗೋಡೆಗೆ ಅಂಟಿಸಿದ ಆಮ್ಲ. ಸಕ್ಕರೆಯನ್ನು ಪ್ಲಾಸ್ಟಿಕ್ಕಿನ ಕಚ್ಚಾವಸ್ತುವಾಗಿ ಬದಲಿಸಿ ತಾನು ಮಾತ್ರ ಇದ್ದ ಹಾಗೇ ಉಳಿಯುತ್ತದೆ, ಸೋಸಿ ತೊಳೆದು ಮತ್ತೆ ಮತ್ತೆ ಬಳಸಬಹುದು ಎನ್ನುವುದೇ ಅದರ ಹೆಚ್ಚುಗಾರಿಕೆ. ಇನ್ನೊಂದು ಸಲ ಬಳಸಿ ತೋರಿಸಿದರೆ ಕೊನೆಯ ಗ್ರಾಫ್ ಆಗಿ ಪ್ರಬಂಧ ಮುಗಿಯುತ್ತಿತ್ತು.

ಈ ಸಲ ಬೇರೆಯಾದದ್ದು ಒಂದೇ. ನೀರಿನಲ್ಲಿ ತೊಳೆದ ಪುಡಿಯನ್ನು ಕೊನೆಗೊಮ್ಮೆ ತೆಳು ಗಂಧಕಾಮ್ಲದಲ್ಲಿ ಅದ್ದಿ ತೆಗೆಯುವುದು ಈ ಲ್ಯಾಬಿನ ಪದ್ಧತಿ, ಪುಡಿಗೆ ಜೀವ ಬರಲಿ ಅಂತ. ದೇವರ ಮನೆಗೆ ಹೋಗುವ ಮುಂಚೆ ಕಾಲು ತೊಳೆಯುವುದನ್ನು ಯಾರು ಪ್ರಶ್ನಿಸುತ್ತಾರೆ? ಆದರೆ ಆಮ್ಲ ಮುಗಿದಿತ್ತು. ಗೈಡ್ ಸಹಿ ಹಾಕಿದ್ದರೂ ಸ್ಟೋರಿನವನು "ಸೋಮವಾರ ಬನ್ನಿ" ಎಂದಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಅವಸರಕ್ಕೆ ಬರೀ ನೀರಿನಲ್ಲಿ ತೊಳೆದಿದ್ದಳು.

ಸೋಮವಾರ ಆಮ್ಲ ಬಂತು. ಅದರಲ್ಲಿ ಅದ್ದಿದ ಪುಡಿ ಹಾಕಿದ ಮೇಲೆ ಸಕ್ಕರೆ ನೀರು ಎಂದಿನಂತೆ ಕೆಂಪಾಗತೊಡಗಿತು. ಅಹಲ್ಯಾ ಅರ್ಧಕ್ಕೇ ಬಿಸಿಬಿಸಿಯಾಗಿ ಸೋಸಿ, ಪುಡಿಯನ್ನೆಲ್ಲ ಹೊರಗೆ ತೆಗೆದು, ತಿಳಿಯನ್ನು ಮತ್ತೆ ಕಾಯಿಸಿದಳು. ಪುಡಿಯೇ ಇಲ್ಲದ ನೀರು ತನ್ನ ಪಾಡಿಗೆ ತಾನು ಕಪ್ಪಾಗುತ್ತ ಹೋಯಿತು. ಅಂದರೆ ಕೆಲಸ ಮಾಡುತ್ತಿದ್ದದ್ದು ಪುಡಿಯಲ್ಲ, ಅದರಿಂದ ಬಿಟ್ಟು ನೀರಿಗಿಳಿದ ಆಮ್ಲ. ಗೋಡೆಗೆ ಅಂಟಿಸಿದ್ದು ಮೊದಲ ಸಲವೇ ಕಿತ್ತುಹೋಗುತ್ತಿತ್ತು. ಆಮೇಲೆಲ್ಲ ಕೆಲಸ ಮಾಡಿದ್ದು ಅದ್ದುವಾಗ ತೂತುಗಳಲ್ಲಿ ಸಿಕ್ಕಿಕೊಂಡ ಹೊಸ ಆಮ್ಲ. ಇಷ್ಟು ವರ್ಷ ಮಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಕೆಲಸ.

ಗೈಡ್ ಇಂದುಶೇಖರರು ಕೆಟ್ಟ ಮನುಷ್ಯರಲ್ಲ. ದೆಹಲಿಯಲ್ಲಿ ಕನ್ನಡದ ಹುಡುಗಿ ಎಂದು ಕರೆದು ಜಾಗ ಕೊಟ್ಟವರು. ಅವಳ ಅಪ್ಪ ತೀರಿಕೊಂಡಾಗ ನಿಗಮಬೋಧ ಘಾಟಿನ ಸ್ಮಶಾನದವರೆಗೂ ಬಂದು ನಿಂತವರು.

"ಸೋಸಿದ ಮೇಲೂ ರಿಯಾಕ್ಷನ್ ನಡೀತಾ?" ಎಂದು ಕೇಳಿದರು.

"ಹೌದು ಸರ್. ಮತ್ತೊಂದು ಸಲ ಮಾಡಿಯೂ ನೋಡಿದೆ."

ಅವರು ಕನ್ನಡಕ ತೆಗೆದಿಟ್ಟರು. ನೀನೇ ಎಲ್ಲೋ ಎಡವಿದ್ದೀಯ ಎಂದು ಬೈದರೆ ಬದುಕಿದೆ ಎಂದು ಅಹಲ್ಯಾ ಕಾದಳು. ಅವರು ಬೈಯಲಿಲ್ಲ.

"ಆ ಅದ್ದೋದನ್ನ ಶುರು ಮಾಡಿದ್ದೇ ನಾನು," ಎಂದರು. "ನಿನಗಿಂತ ಮುಂಚೆ ಎಷ್ಟೋ ಜನ ಇದೇ ಪುಡಿ ಮೇಲೆ ಡಿಗ್ರಿ ತಗೊಂಡು ಮೇಷ್ಟ್ರಾಗಿದ್ದಾರೆ. ಅವರನ್ನೆಲ್ಲ ಏನು ಮಾಡೋಣ ಹೇಳು?"

"ನಂಗೇನು ಗೊತ್ತು ಸರ್."

"ನಿಂದೂ ಫೆಲೋಶಿಪ್ ಮುಗೀತು. ಹೊಸದಾಗಿ ಶುರು ಮಾಡೋಕೆ ಯಾರೂ ಬಿಡಲ್ಲ." ಕನ್ನಡಕ ಮತ್ತೆ ಹಾಕಿಕೊಂಡು, "'ತೊಳೆದು ಮತ್ತೆ ಬಳಸಲಾಯಿತು' ಅಂತ ನಿನ್ನ ಪೇಪರ್‌ನಲ್ಲಿ ಬರೆದ ಹಾಗೇ ಇಲ್ಲೂ ಬರಿ. ಅದು ಸುಳ್ಳಲ್ಲ," ಎಂದರು.

"ಯಾವುದರಲ್ಲಿ ತೊಳೆದದ್ದು ಅಂತ ಕೇಳಿದ್ರೆ?"

"ಕೇಳಿದ್ರೆ ಹೇಳಿಬಿಡು. ಆದರೆ ಯಾರೂ ಕೇಳಲ್ಲಮ್ಮ."

ಅವಳು ಹಾಗೇ ಬರೆದಳು.

ವೈವಾದ ದಿನ ತಿಂಡಿಯ ಏರ್ಪಾಡು ಅಭ್ಯರ್ಥಿಯದೇ. ಫಲಿತಾಂಶಕ್ಕೆ ಮುಂಚೆಯೇ ಪ್ಲೇಟು ಜೋಡಿಸಿರುತ್ತಾರೆ. ಹುಡುಗಿ ಒಪ್ಪುವ ಮೊದಲೇ ಅಡುಗೆಯವರಿಗೆ ಹೇಳಿಬಿಟ್ಟ ಹಾಗೆ. ಅವಳ ತಾಯಿ ವಿಜಯಮ್ಮ ಮಯೂರ್ ವಿಹಾರ್‌ನಿಂದ ಮೆಟ್ರೋದಲ್ಲಿ ಪುಳಿಯೋಗರೆಯ ಡಬ್ಬಿ ಹೊತ್ತು ತಂದಿದ್ದರು. ಕೇಳಲಿ, ಹೇಳಿಬಿಡುತ್ತೇನೆ ಎಂದು ಅಹಲ್ಯಾ ಬೋರ್ಡಿನ ಮುಂದೆ ಹರಕೆ ಹೊತ್ತವಳಂತೆ ನಿಂತಿದ್ದಳು. ಹೊರಗಿನಿಂದ ಬಂದ ಪರೀಕ್ಷಕರು ಚಿತ್ರಗಳ ಕೆಳಗಿನ ಅಕ್ಷರ ಸಣ್ಣದಾಯಿತು ಎಂದರು, ಅಷ್ಟೇ. ಎಲ್ಲರೂ ಚಪ್ಪಾಳೆ ತಟ್ಟಿದರು.

ತಿಂಡಿಯ ಗದ್ದಲದಲ್ಲಿ ಬ್ಯಾಗು ತಬ್ಬಿಕೊಂಡ ಹುಡುಗಿಯೊಬ್ಬಳು ಹತ್ತಿರ ಬಂದಳು. "ಕಂಗ್ರಾಟ್ಸ್ ಅಕ್ಕಾ. ನಾನು ಸಿಂಧೂರ, ಫರೀದಾಬಾದ್‌ನಲ್ಲಿ ಪಿಎಚ್‌ಡಿ ಮಾಡ್ತಿದ್ದೀನಿ. ನಿಮ್ಮ ಪೇಪರ್ ನೋಡ್ಕೊಂಡೇ ಪುಡಿ ಮಾಡ್ತೀನಿ. ಮೊದಲ ಸಲ ಎಕ್‌ದಮ್ ಫಸ್ಟ್ ಕ್ಲಾಸ್. ತೊಳೆದು ಮತ್ತೆ ಹಾಕಿದ್ರೆ ಏನೂ ಆಗಲ್ಲ. ಎರಡು ವರ್ಷದಿಂದ ಇದೇ ಗೋಳು. ನಮ್ಮ ಮೇಡಂ, ನಿಂಗೆ ಕೈಗುಣ ಇಲ್ಲ, ಬಿಟ್ಟು ಮನೆಗೆ ಹೋಗು ಅಂತಿದ್ದಾರೆ."

ಅಹಲ್ಯಾ ಕೈಯಲ್ಲಿದ್ದ ಪ್ಲೇಟು ಕೆಳಗಿಟ್ಟಳು. "ಯಾವುದರಲ್ಲಿ ತೊಳೀತೀಯ?"

"ನೀರಲ್ಲೇ ಅಕ್ಕಾ. ಮತ್ತೆ ಇನ್ಯಾವುದರಲ್ಲಿ ತೊಳೀತಾರೆ?"

ಆಚೆ ಇಂದುಶೇಖರರು ವಿಜಯಮ್ಮನ ಕೈಯಿಂದ ಪುಳಿಯೋಗರೆ ಬಡಿಸಿಕೊಳ್ಳುತ್ತ, "ನಿಮ್ಮ ಮಗಳು ನಮ್ಮ ಲ್ಯಾಬಿನ ಹೆಸರು ಉಳಿಸಿದಳು," ಎನ್ನುತ್ತಿದ್ದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಒಂದು ಮಾತು ಸಾಕಾಗಿತ್ತು. ಆ ಮಾತು ಅಹಲ್ಯಾಳ ನಾಲಿಗೆಯ ತುದಿಗೆ ಬಂದೂ ಬಂತು.

"ಸರಿಯಾಗೇ ಮಾಡ್ತಿದ್ದೀಯ," ಎಂದಳು. "ಇನ್ನೂ ಸ್ವಲ್ಪ ಚೆನ್ನಾಗಿ ತೊಳೆದು ನೋಡು."

ಹೇಳಿದ ಮೇಲೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಹುಡುಗಿಯ ಮುಖ ಮಾತ್ರ ಅರಳಿತು. "ಹೌದಾ ಅಕ್ಕಾ? ನೀರು ಕಮ್ಮಿ ಬೀಳ್ತಿತ್ತು ಅನ್ಸುತ್ತೆ," ಎಂದು ಬ್ಯಾಗಿನಿಂದ ಸಣ್ಣ ಸೀಸೆಯೊಂದನ್ನು ತೆಗೆದು ಅವಳ ಕೈಗಿಟ್ಟಳು. "ನಂದೇ ಪುಡಿ. ಟೈಮ್ ಸಿಕ್ಕಾಗ ನೋಡಿ ಹೇಳಿ, ಪ್ಲೀಸ್." ಮೆಟ್ರೋಗೆ ತಡವಾಗುತ್ತದೆ ಎಂದು ಏನೂ ತಿನ್ನದೆ ಮೆಟ್ಟಿಲಿಳಿದು ಹೋದಳು.

ಗ್ರೂಪ್ ಫೋಟೋಗೆ ಯಾರೋ ಕೂಗಿದರು. ಅಹಲ್ಯಾ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಪುಡಿ ಬೆಳ್ಳಗೆ, ಹಗುರಾಗಿ, ಒಂದು ಗಂಟೂ ಇಲ್ಲದೆ ಜಾರುತ್ತಿತ್ತು. ಪಾಪ, ತುಂಬಾ ಚೆನ್ನಾಗಿಯೇ ತೊಳೆದಿದ್ದಳು.